ಕಾಯಕವೂ ಋಣವೂ

ವೀರಶೈವ ಗೃಹಸ್ಥನ ಬಾಳು ಕಾಯಕ, ದಾಸೋಹಗಳೆಂಬ ಎರಡು ಗಾಲಿಗಳ ಮೇಲೆ ಸಾಗತಕ್ಕ ರಥವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಗಾಲಿಗಳು ಸುಸ್ಥಿತಿಯಲ್ಲಿರುವಾಗ ಈ ಮಾತನ್ನು ಒಪ್ಪಿಕೊಳ್ಳುವುದು ಸುಲಭ. ತಿಂಗಳು ತುಂಬಿದೊಡನೆ ಸಂಬಳ ಪಡೆಯುವವನಿಗೆ, ಕಣದಲ್ಲಿ ರಾಶಿ ಕಂಡವನಿಗೆ ಕಾಯಕತತ್ತ್ವದ ಉಪದೇಶವು ಇಂಪಾಗಿಯೇ ಕೇಳಿಸುತ್ತದೆ. ಆದರೆ ದುಡಿಯುವ ಕೈಗೆ ಕೆಲಸವೇ ತಪ್ಪಿಹೋಗುವ ಭಯವುಂಟಾದಾಗ, ಅದೇ ಹೊತ್ತಿಗೆ ತಲೆಯ ಮೇಲೆ ಸಾಲದ ಹೊರೆಯೂ ಇದ್ದಾಗ, ಶರಣಧರ್ಮವು ಆ ಮನೆಗೆ ಏನನ್ನು ಕೊಡಬಲ್ಲುದು? ಧರ್ಮವು ಸುಖದ ದಿನಗಳ ಅಲಂಕಾರ ಮಾತ್ರವಲ್ಲವೆಂದಾದರೆ ಈ ಪ್ರಶ್ನೆಗೆ ಅದು ಉತ್ತರ ಹೇಳಲೇಬೇಕು.

ಇದು ಕಲ್ಪನೆಯ ಪ್ರಶ್ನೆಯಲ್ಲ. ನೂರಾರು ಸಂಸಾರಗಳಿಗೆ ಅನ್ನವಿತ್ತ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ತುಮಕೂರಿನಲ್ಲಿ ಕೈಗಡಿಯಾರ ಮಾಡುತ್ತಿದ್ದ ಸರಕಾರೀ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆಯಿತ್ತಿತು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು, ಅದಕ್ಕೆ ನೂರು ವರ್ಷ ತುಂಬಿದ 2023ನೆಯ ಇಸವಿಯ ಜನವರಿಯಲ್ಲಿಯೇ ಮುಚ್ಚುವ ನಿರ್ಧಾರ ಪ್ರಕಟವಾಯಿತು. ಅದೇ ವರ್ಷ ಕೆಲವು ಕೆಲಸಗಳು ಮರಳಿ ನಡೆದುವಾದರೂ, ನಡುವಿನ ತಿಂಗಳುಗಳಲ್ಲಿ ಅಲ್ಲಿಯ ಗುತ್ತಿಗೆ ಕಾರ್ಮಿಕರ ಮನೆಗಳು ಹೇಗಿದ್ದಿರಬೇಕೆಂಬುದನ್ನು ಯಾರೂ ಊಹಿಸಬಹುದು. ಕಬ್ಬಿಣದ ಕಾರ್ಖಾನೆಗೇ ನೂರು ವರ್ಷದ ಮೇಲೆ ನಂಬಿಕೆಯಿಲ್ಲವೆಂದಮೇಲೆ, ನಿನ್ನೆ ಮೊನ್ನೆ ಹುಟ್ಟಿದ ಉದ್ಯೋಗಗಳ ಸ್ಥಿರತೆಯನ್ನು ಹೇಳತಕ್ಕುದೇನಿದೆ?

ಇಂಥ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದ ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು. ಆತನ ತಿಂಗಳ ವೇತನ 32,000 ರೂಪಾಯಿ. ಮನೆ ಕಟ್ಟಿಸಿದ ಬ್ಯಾಂಕಿನ ಸಾಲಕ್ಕೆ ತಿಂಗಳಿಗೆ 11,000 ರೂಪಾಯಿ ಕಂತು. ಪತ್ತಿನ ಸಹಕಾರ ಸಂಘಕ್ಕೆ 4,500. ಮಗಳ ಮದುವೆಗೆಂದು ಒಡವೆ ಅಡವಿಟ್ಟು ತಂದ ಒಂದೂವರೆ ಲಕ್ಷಕ್ಕೆ ನೂರಕ್ಕೊಂದರಂತೆ 1,500 ಬಡ್ಡಿ. ಅದೂ ಸಾಲದೆಂದು ಕೈಸಾಲವಾಗಿ ತಂದ ಒಂದು ಲಕ್ಷಕ್ಕೆ ನೂರಕ್ಕೆ ಮೂರರಂತೆ 3,000 ಬಡ್ಡಿ. ಒಟ್ಟು 20,000 ರೂಪಾಯಿ ಸಾಲಕ್ಕೇ ಸಂದು, ಉಳಿದ 12,000ದಲ್ಲಿ ಐದು ಜನರ ಊಟ, ಮಗನ ಓದು, ಮುದಿ ತಾಯಿಯ ಔಷಧ. ಹೀಗಿರುವಾಗ ಕಾರ್ಖಾನೆ ನಿಲ್ಲುವುದೆಂಬ ವದಂತಿ ಹುಟ್ಟುತ್ತದೆ. ಇನ್ನೂ ಕೆಲಸ ಹೋಗಿಲ್ಲ. ಆದರೆ ನಿದ್ದೆ ಹೋಗಿದೆ. ಹೆಂಡತಿಗೆ ಕೈಸಾಲದ ಸಂಗತಿ ತಿಳಿಯದು. ಆತನು ಮುಂಜಾನೆ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಕುಳಿತರೂ ಕಣ್ಣಿಗೆ ಕಾಣುವುದು ಲಿಂಗವಲ್ಲ, ಮುಂದಿನ ತಿಂಗಳ ಕಂತು.

ಇಂಥ ಭಕ್ತನಿಗೆ ಶರಣರು ಮೊಟ್ಟಮೊದಲು ತಿಳಿಸುವುದು ಉದ್ಯೋಗ ಬೇರೆ, ಕಾಯಕ ಬೇರೆ ಎಂಬ ವಿವೇಕವನ್ನು. ಉದ್ಯೋಗವನ್ನು ಕೊಡುವವನು ಒಡೆಯ. ಆದಕಾರಣ ಅದನ್ನು ಕಿತ್ತುಕೊಳ್ಳುವ ಶಕ್ತಿಯೂ ಅವನಿಗುಂಟು. ಕಾಯಕವಾದರೋ ಕಾಯದೊಡನೆ ಬಂದುದು. ಸತ್ಯಶುದ್ಧವಾಗಿ ದುಡಿದು, ದುಡಿದುದನ್ನು ಶಿವಾರ್ಪಣಬುದ್ಧಿಯಿಂದ ಬಳಸುವ ವ್ರತಕ್ಕೆ ಕಾಯಕವೆಂದು ಹೆಸರು. ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದೀತು. ಈ ವ್ರತಕ್ಕೆ ಬೀಗ ಹಾಕುವವರು ಯಾರೂ ಇಲ್ಲ. ಈ ಭೇದವನ್ನರಿಯದವನು ಉದ್ಯೋಗ ಹೋದಾಗ ತಾನೇ ಹೋದೆನೆಂದು ತಿಳಿಯುತ್ತಾನೆ. ಅರಿತವನು ಒಂದು ಸಾಧನ ಮುರಿಯಿತೆಂದು ತಿಳಿದು ಇನ್ನೊಂದು ಸಾಧನವನ್ನು ಅರಸುತ್ತಾನೆ.

ಮೋಳಿಗೆಯ ಮಾರಯ್ಯನವರ ಚರಿತ್ರೆ ಇದಕ್ಕೆ ಉಜ್ಜ್ವಲವಾದ ನಿದರ್ಶನ. ಕಾಶ್ಮೀರದ ಅರಸುತನವನ್ನು ತೊರೆದು, ಪತ್ನಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ ಜಂಗಮದಾಸೋಹ ನಡೆಸಿದ ಮಹಾನುಭಾವರೆಂದು ಶರಣಪರಂಪರೆಯು ಅವರನ್ನು ಸ್ಮರಿಸುತ್ತದೆ. ಕಿರೀಟವನ್ನು ಹೊತ್ತಿದ್ದ ತಲೆಯೇ ಮೋಳಿಗೆಯನ್ನು ಹೊತ್ತಿತು. ಬಸವಣ್ಣನವರು ಅವರ ಬಡತನವನ್ನು ಕಂಡು ಗುಪ್ತವಾಗಿ ಹೊನ್ನನ್ನಿರಿಸಿ ಬಂದಾಗ, ಆ ದಂಪತಿಗಳು ಅದನ್ನು ತಮ್ಮದೆಂದೆಣಿಸದೆ ಜಂಗಮರಿಗೆ ಸಲ್ಲಿಸಿದರಂತೆ. ಈ ಕಥೆಯನ್ನು ಕೇಳಿ ತಲೆದೂಗುವ ಭಕ್ತನೇ, ಮೇಲ್ವಿಚಾರಕನ ಕೆಲಸ ತಪ್ಪಿ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕಾಗಿ ಬಂದಾಗ, ಬಂಧುಗಳು ಏನೆಂದಾರೋ ಎಂದು ಮನೆಯಲ್ಲಿ ಕುಳಿತರೆ, ಆತನು ಕೇಳಿದ ಪುರಾಣವು ಕಿವಿಯನ್ನು ದಾಟಿ ಒಳಗಿಳಿಯಲಿಲ್ಲವೆಂದೇ ಅರ್ಥ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ತತ್ತ್ವವನ್ನು ಪರರ ವಿಷಯದಲ್ಲಿ ಒಪ್ಪುವುದು ಸುಲಭ. ತನ್ನ ವಿಷಯದಲ್ಲಿ ಒಪ್ಪುವುದೇ ಭಕ್ತಿಯ ಪರೀಕ್ಷೆ.

ಇನ್ನು ಋಣದ ವಿಚಾರ. ಪಂಚಾಚಾರಗಳಲ್ಲಿ ಸದಾಚಾರವು ಧರ್ಮಮಾರ್ಗದ ದುಡಿಮೆಯನ್ನೂ ನಡೆನುಡಿಗಳ ಐಕ್ಯವನ್ನೂ ವಿಧಿಸುತ್ತದೆ. ಸಾಲ ತರುವಾಗ ತೀರಿಸುವೆನೆಂದು ಕೊಟ್ಟ ಮಾತೂ ನುಡಿಯೇ ಸರಿ. ಅದನ್ನು ತೀರಿಸುವುದು ನಡೆ. ಆದುದರಿಂದ ಋಣವನ್ನು ಪ್ರಾಮಾಣಿಕವಾಗಿ ತೀರಿಸುವುದು ಕಾಯಕದ ಒಂದು ಅಂಗವೆಂದೇ ತಿಳಿಯಬೇಕು. ಸಾಲವಿರುವುದು ಪಾಪವಲ್ಲ, ಅಪಮಾನವೂ ಅಲ್ಲ. ಸಾಲವನ್ನು ಬಚ್ಚಿಡುವುದು, ಸಾಲದ ಮೇಲೆ ಸಾಲ ತಂದು ವೈಭವವನ್ನು ತೋರುವುದು, ಕೊಟ್ಟವನನ್ನು ಕಂಡು ಬೀದಿ ಬದಲಿಸುವುದು — ಇವು ದೋಷಗಳು. ಸಾಲ ತಂದು ಮಾಡಿದ ದಾಸೋಹವೂ ಇದೇ ಕೋಟಿಗೆ ಸೇರುತ್ತದೆ. ಪರರ ಹಣದಿಂದ ಪಂಕ್ತಿ ಹಾಕಿಸಿದವನು ಪರರ ಪುಣ್ಯವನ್ನು ತನ್ನ ಹೆಸರಿಗೆ ಬರೆಸಿಕೊಂಡಂತಾಯಿತು. ಜಾತ್ರೆಯ ದಿನ ತನ್ನ ಶಕ್ತಿಗೆ ತಕ್ಕ ಒಂದು ಹಿಡಿ ಅಕ್ಕಿಯನ್ನು ಮಠದ ಕಣಜಕ್ಕೆ ಹಾಕಿದವನ ದಾಸೋಹವೇ ನಿಜವಾದ ದಾಸೋಹ.

ಮನೆಯ ಅಳತೆಯನ್ನು ಕಲಿಸಿದವರು ಆಯ್ದಕ್ಕಿ ಲಕ್ಕಮ್ಮನವರು. ಪತಿ ಮಾರಯ್ಯನವರು ನಿತ್ಯವೂ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಬಂದುದನ್ನು ಕಂಡು, ಈ ಆಸೆ ಬೇಡವೆಂದು ಆಕೆ ಮಿಕ್ಕುದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಕಥೆಯ ತಾತ್ಪರ್ಯವನ್ನು ನಿರ್ಲೋಭವೆಂದಷ್ಟೇ ವಿವರಿಸುವುದು ರೂಢಿ. ಅದರಲ್ಲಿ ಇನ್ನೊಂದು ಮಾತೂ ಅಡಗಿದೆ: ಗಂಡನು ತಂದುದೆಷ್ಟೆಂಬುದು ಹೆಂಡತಿಗೆ ಕಾಳಿನ ಲೆಕ್ಕದಲ್ಲಿ ಗೊತ್ತಿತ್ತು; ಆಕೆಯ ಮಾತಿಗೆ ಆ ಮನೆಯಲ್ಲಿ ಬೆಲೆಯಿತ್ತು. ಕೈಸಾಲವನ್ನು ಹೆಂಡತಿಗೆ ಮುಚ್ಚಿಟ್ಟ ನಮ್ಮ ಗೃಹಸ್ಥನ ಮನೆಯಲ್ಲಿ ಕೊರತೆಯಾಗಿರುವುದು ಹಣ ಮಾತ್ರವಲ್ಲ, ಈ ವಿಶ್ವಾಸವೂ ಹೌದು. ಆಕೆಯ ಮನಸ್ಸು ನೋಯಬಾರದೆಂದು ಮುಚ್ಚಿಟ್ಟೆನೆಂದು ಆತನು ಹೇಳಿಯಾನು. ಆದರೆ ಸತಿಪತಿಗಳು ಒಂದಾದ ಭಕ್ತಿಯೇ ಶಿವನಿಗೊಪ್ಪುವುದೆಂಬ ಮತದಲ್ಲಿ ಒಬ್ಬರೇ ಹೊರುವ ಹೊರೆಗೆ ಸ್ಥಾನವಿಲ್ಲ.

ಆದುದರಿಂದ ಭಯದ ವಾರ್ತೆ ಬಂದ ದಿನವೇ ಸತಿಪತಿಗಳು ಕುಳಿತು, ಯಾರಿಗೆ ಎಷ್ಟು, ಯಾವ ಬಡ್ಡಿ, ಯಾವ ದಿನ ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಕಾಗದದ ಮೇಲಿಳಿದ ಸಾಲವು ಕತ್ತಲೆಯಲ್ಲಿ ಕಂಡ ಸಾಲಕ್ಕಿಂತ ಚಿಕ್ಕದಾಗಿರುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ಹಿಡಿದವರು. ಭಂಡಾರದ ಹಣವನ್ನು ಜಂಗಮರಿಗೆ ಸೂರೆಗೊಟ್ಟರೆಂಬ ಚಾಡಿ ಬಂದಾಗ ಅವರು ಕೋಪಗೊಳ್ಳದೆ ಲೆಕ್ಕವನ್ನೇ ಮುಂದಿಟ್ಟರೆಂದೂ, ಎಣಿಸಿದಾಗ ಒಂದು ಹಣವೂ ಕಡಿಮೆಯಾಗಲಿಲ್ಲವೆಂದೂ ಬಸವಪುರಾಣದ ಕಥೆ. ಅದರಲ್ಲಿಯ ಪವಾಡವನ್ನು ಒಪ್ಪುವವರು ಒಪ್ಪಲಿ. ಲೆಕ್ಕಕ್ಕೆ ಅಂಜದ ಬಾಳ್ವೆಯೇ ಅದರ ತಿರುಳು. ಕಡೆಗೆ ಕಲ್ಯಾಣದಲ್ಲಿ ವಿಪ್ಲವವಾಗಿ ಆ ಪದವಿಯನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳುವಾಗ, ಅವರು ಬಿಟ್ಟುದು ಪದವಿಯನ್ನು ಮಾತ್ರ.

ಹಾಳೆಯ ಮೇಲೆ ಲೆಕ್ಕ ಬಂದೊಡನೆ ದಾರಿಯೂ ಕಾಣಿಸತೊಡಗುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಮೂವತ್ತಾರು. ಮೂರು ವರ್ಷದೊಳಗೆ ಬಡ್ಡಿಯೇ ಅಸಲನ್ನು ಮೀರುತ್ತದೆ. ಆದಕಾರಣ ಮೊದಲು ತೀರಬೇಕಾದುದು ದೊಡ್ಡ ಸಾಲವಲ್ಲ, ದೊಡ್ಡ ಬಡ್ಡಿಯ ಸಾಲ. ಅಡವಿಟ್ಟ ಒಡವೆಯ ಬೆಲೆ ಸಾಮಾನ್ಯವಾಗಿ ಅದರ ಮೇಲಿನ ಸಾಲಕ್ಕಿಂತ ಹೆಚ್ಚಿರುತ್ತದೆ. ಆ ಒಡವೆ ಮನೆಯಾಕೆಯದು. ಆಕೆ ಮನಃಪೂರ್ವಕವಾಗಿ ಒಪ್ಪಿದಲ್ಲಿ ಅದನ್ನು ಬಿಡಿಸಿ ಮಾರಿದರೆ ಅಡವಿನ ಸಾಲವೂ ತೀರಿ, ಮಿಕ್ಕ ಹಣದಿಂದ ಕೈಸಾಲದ ಅರ್ಧವಾದರೂ ತೀರೀತು. ಅಷ್ಟರಿಂದಲೇ ತಿಂಗಳಿಗೆ 3,000 ರೂಪಾಯಿ ಬಡ್ಡಿ ನಿಲ್ಲುತ್ತದೆ. ಕೊರಳು ಬರಿದಾದರೆ ಮಾನ ಹೋಗುವುದೆಂಬ ಚಿಂತೆ ಬೇಡ. ಶಿವಭಕ್ತೆಯ ಕೊರಳಿಗೆ ಲಿಂಗಕ್ಕಿಂತ ಮಿಗಿಲಾದ ಆಭರಣ ಯಾವುದು?

ಎರಡನೆಯದಾಗಿ, ಕೆಲಸವಿರುವಾಗಲೇ ಬ್ಯಾಂಕಿಗೂ ಸಂಘಕ್ಕೂ ಹೋಗಿ ಸತ್ಯವನ್ನು ತಿಳಿಸಬೇಕು. ಅವಧಿಯನ್ನು ಹೆಚ್ಚಿಸಿ ಕಂತನ್ನು ತಗ್ಗಿಸಿಕೊಡಬೇಕೆಂದು ಬರವಣಿಗೆಯಲ್ಲಿ ಕೇಳಬಹುದು. ಕಂತು ಬಾಕಿಬಿದ್ದು 90 ದಿನ ಮೀರಿದರೆ ಬ್ಯಾಂಕಿನವರು ಅದನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತಾರೆ. ಆಮೇಲೆ ಹೋಗಿ ಕೈಮುಗಿಯುವುದಕ್ಕಿಂತ ಮೊದಲೇ ಹೋಗಿ ಮಾತಾಡುವುದು ಲೇಸು. ಮುಂಚಿತವಾಗಿ ಬಂದ ಋಣಿಯ ಮಾತಿಗಿರುವ ಬೆಲೆ ತಲೆತಪ್ಪಿಸಿಕೊಂಡು ಸಿಕ್ಕಿಬಿದ್ದವನ ಮಾತಿಗಿಲ್ಲ.

ಮೂರನೆಯದಾಗಿ, ತನಗೆ ನ್ಯಾಯವಾಗಿ ಬರತಕ್ಕುದನ್ನು ಅರಿತಿರಬೇಕು. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಸತತವಾಗಿ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ಮುನ್ನೋಟೀಸು ಅಥವಾ ಅದಕ್ಕೆ ಬದಲಾಗಿ ವೇತನ, ಜೊತೆಗೆ ಸೇವೆಯ ಪ್ರತಿಯೊಂದು ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂಬುದು ಕಾನೂನು. ಹದಿನೆಂಟು ವರ್ಷಕ್ಕೆ 270 ದಿನಗಳ ವೇತನವಾಯಿತು. ಐದು ವರ್ಷ ಮೀರಿದ ಸೇವೆಗೆ ಉಪದಾನವೂ ಬೇರೆಯಾಗಿ ಸಲ್ಲುತ್ತದೆ. ಇದು ಭಿಕ್ಷೆಯಲ್ಲ, ಬೆವರಿನ ಫಲ. ಕೇಳಿ ಪಡೆಯುವುದರಲ್ಲಿ ಸಂಕೋಚ ಸಲ್ಲದು. ಆದರೆ ಒಮ್ಮೆಗೇ ಕೈಸೇರಿದ ಆ ಹಣವನ್ನು ಸುಗ್ಗಿಯ ರಾಶಿಯೆಂದು ಭ್ರಮಿಸಬಾರದು. ಅದು ಬಿತ್ತನೆಯ ಬೀಜ. ಮುಂದಿನ ಕೆಲಸ ದೊರೆಯುವವರೆಗಿನ ಊಟಕ್ಕೂ ಕಂತಿಗೂ ಹೊಸ ವಿದ್ಯೆಯ ಕಲಿಕೆಗೂ ಅದು ಮೀಸಲು. ಬೀಜವನ್ನು ಕುಟ್ಟಿ ಉಂಡವನ ಹೊಲ ಪಾಳು ಬೀಳುವುದು ನಿಶ್ಚಯ.

ಇಷ್ಟೆಲ್ಲ ಲೆಕ್ಕದ ಮಾತು ಧರ್ಮೋಪದೇಶದಲ್ಲಿ ಏಕೆಂದು ಕೆಲವರಿಗೆ ಸಂದೇಹ ಬರಬಹುದು. ಕಷ್ಟ ಬಂದೊಡನೆ ಪಂಚಾಂಗ ಬಿಡಿಸಿ ಗ್ರಹಗತಿಯನ್ನು ಕೇಳುವುದು, ಯಂತ್ರ ಕಟ್ಟಿಸುವುದು, ಹರಕೆಗೆಂದು ಮತ್ತಷ್ಟು ಸಾಲ ಮಾಡುವುದು ಜನರ ರೂಢಿ. ಶರಣರು ಆ ದಾರಿಯನ್ನು ಖಂಡಿಸಿದರು. ಶಿವಭಕ್ತನಿಗೆ ಅಶುಭ ಮುಹೂರ್ತವೆಂಬುದಿಲ್ಲವೆಂದು ಸಾರಿ, ಅವನ ಕೈಗೆ ದುಡಿಮೆಯನ್ನೂ ಮನಸ್ಸಿಗೆ ವಿವೇಕವನ್ನೂ ಕೊಟ್ಟರು. ಲೆಕ್ಕ ಬರೆಯುವ ಲೇಖನಿಯನ್ನು ಹಿಡಿದ ಕೈಯೂ ಲಿಂಗವನ್ನು ಹಿಡಿದ ಕೈಯೂ ಒಂದೇ.

ಹಾಗೆಂದು ಈ ಹೊರೆಯೆಲ್ಲ ಒಬ್ಬ ಗೃಹಸ್ಥನ ತಲೆಗೇ ಸೇರಿದುದಲ್ಲ. ಶಿವಾಚಾರವು ಭಕ್ತರೆಲ್ಲರನ್ನು ಸಮಾನವಾಗಿ ಕಾಣಬೇಕೆನ್ನುತ್ತದೆ. ಕೆಲಸ ಹೋದವನನ್ನು ಮದುವೆಯ ಮನೆಯಲ್ಲಿ ಹಿಂದಿನ ಸಾಲಿಗೆ ಸರಿಸುವ ಬಂಧುಗಳು, ಈಗೇನು ಮಾಡುತ್ತಿರುವಿರೆಂದು ಹತ್ತು ಜನರೆದುರು ಕೆಣಕಿ ಕೇಳುವ ಪರಿಚಿತರು ಶಿವಾಚಾರಕ್ಕೆ ಎರವಾದವರು. ಗಣಾಚಾರವು ಧರ್ಮಕ್ಕೂ ಭಕ್ತಸಮೂಹಕ್ಕೂ ಒದಗಿದ ಅನ್ಯಾಯವನ್ನು ಸಹಿಸಲಾಗದೆನ್ನುತ್ತದೆ. ಬಡ್ಡಿಯ ಹೆಸರಿನಲ್ಲಿ ಮನೆಯ ಬಾಗಿಲಿಗೆ ಬಂದು ಹೆಣ್ಣುಮಕ್ಕಳನ್ನು ಬೈಯುವುದು, ಸಾಮಾನುಗಳನ್ನು ಹೊತ್ತೊಯ್ಯುವುದು ನಡೆದಾಗ ನೆರೆಯವರು ಕದವಿಕ್ಕಿಕೊಳ್ಳಬಾರದು. ಇಂಥ ಬಲಾತ್ಕಾರದ ವಸೂಲಿಯನ್ನು ತಡೆಯಲೆಂದೇ ಕರ್ನಾಟಕ ಸರಕಾರವು 2025ರಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ವಿಷಯದಲ್ಲಿ ಕಾನೂನು ತಂದಿದೆ. ಊರಿನ ಹಿರಿಯರು ನೊಂದವನ ಜೊತೆಗೂಡಿ ಪೋಲೀಸು ಠಾಣೆಯವರೆಗೆ ನಡೆದುಹೋದರೆ ಅದೂ ಗಣಾಚಾರವೇ.

ಋಣದಲ್ಲಿ ಬಿದ್ದವನಿಗೆ ಸಮಾಜವು ಕೈಗೊಡಬಹುದಾದ ಬಗೆಯನ್ನು ಕನ್ನಡ ನಾಡು ಹಿಂದೆಯೇ ತೋರಿದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಒಗ್ಗೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಗೆ ಸಿಕ್ಕಿದ್ದ ರೈತರು ತಮ್ಮ ಹನಿಹನಿ ಹಣವನ್ನು ಕೂಡಿಸಿ ತಮ್ಮಲ್ಲೇ ಒಬ್ಬರಿಗೊಬ್ಬರು ನೆರವಾದರು. ದಾಸೋಹವೆಂದರೆ ಪಂಕ್ತಿಭೋಜನವೊಂದೇ ಎಂದು ತಿಳಿದವರು ಈ ನಿದರ್ಶನವನ್ನು ಮನನ ಮಾಡಬೇಕು. ಸ್ಥಿತಿವಂತನಾದ ಭಕ್ತನು ಕೆಲಸ ತಪ್ಪಿದ ನೆರೆಯವನಿಗೆ ತನ್ನ ಅಂಗಡಿಯಲ್ಲಿ ಒಂದು ಸ್ಥಾನ ಕೊಟ್ಟರೆ, ಒಂದು ವರ್ಷ ಬಡ್ಡಿಯನ್ನು ಬಿಟ್ಟರೆ, ಅದು ಲಿಂಗಮೆಚ್ಚುವ ದಾಸೋಹ. ಅಂತೆಯೇ ಕಷ್ಟದಲ್ಲಿರುವವನು ಪಡೆಯುವುದಕ್ಕೆ ನಾಚಬಾರದು. ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳಲ್ಲಿ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ದೊರೆಯುತ್ತಿದೆ. ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಸಾಲ ತಂದು ಚಪ್ಪರ ಹಾಕಿಸುವುದಕ್ಕಿಂತ ಮಠದ ಅಂಗಳದಲ್ಲಿ ಗುರುಸಾಕ್ಷಿಯಾಗಿ ಮಗಳ ಕೈಹಿಡಿಸಿಕೊಡುವುದು ಎಷ್ಟೋ ಶ್ರೇಯಸ್ಕರ. ಕೊಡುವಾಗ ಕೊಡುವವನೆಂಬ ಅಹಂಕಾರವಿಲ್ಲದಿರುವುದು, ಪಡೆಯುವಾಗ ಪಡೆಯುವವನೆಂಬ ಕೀಳರಿಮೆಯಿಲ್ಲದಿರುವುದು ಎರಡೂ ಭೃತ್ಯಾಚಾರವೇ. ಎಲ್ಲರೂ ಒಬ್ಬನೇ ಒಡೆಯನ ಆಳುಗಳಾದಮೇಲೆ ಆಳಿಗೆ ಆಳಿನೆದುರು ಲಜ್ಜೆಯೇಕೆ?

ಕಡೆಯದಾಗಿ ಹೇಳತಕ್ಕುದು ಲಿಂಗಾಚಾರದ ಮಾತು. ಅದೇ ಎಲ್ಲಕ್ಕೂ ಮೂಲ. ಸಾಲದ ಬಾಧೆಯಿಂದ ಪ್ರಾಣವನ್ನೇ ಕಳೆದುಕೊಂಡವರ ಸುದ್ದಿ ವೃತ್ತಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಅವರು ಅನುಭವಿಸಿದ ಸಂಕಟವನ್ನು ಶಿವನೊಬ್ಬನೇ ಬಲ್ಲ. ಆದರೆ ಬದುಕಿರುವವರು ಒಂದು ಸಂಗತಿಯನ್ನು ದೃಢವಾಗಿ ಹಿಡಿಯಬೇಕು. ದೀಕ್ಷೆಯ ದಿನ ಗುರುವು ಇಷ್ಟಲಿಂಗವನ್ನು ಕೊಡುವಾಗ ಶಿಷ್ಯನ ತನುವನ್ನು ಲಿಂಗದ ನೆಲೆಯನ್ನಾಗಿ ಮಾಡುತ್ತಾನೆ. ಅಂದಿನಿಂದ ಆ ತನು ಅವನ ಸ್ವತ್ತಲ್ಲ. ಬ್ಯಾಂಕಿಗೆ ಅಡವಿಟ್ಟುದು ಮನೆ. ಅಂಗಡಿಯಲ್ಲಿ ಅಡವಿಟ್ಟುದು ಒಡವೆ. ಪ್ರಾಣವನ್ನು ಯಾವ ಪತ್ರದಲ್ಲಿಯೂ ಯಾರೂ ಬರೆದುಕೊಟ್ಟಿಲ್ಲ. ಮನೆ ಹೋದರೆ ಬಾಡಿಗೆಯ ಮನೆಯುಂಟು, ಒಡವೆ ಹೋದರೆ ರುದ್ರಾಕ್ಷಿಯುಂಟು. ಲಿಂಗಕ್ಕೆ ಸಂದ ಪ್ರಾಣವನ್ನು ಸಾಲಕ್ಕೆ ಜಮಾ ಮಾಡಲು ಬರುವುದಿಲ್ಲ. ಹಾಗೆ ಮಾಡಿದರೂ ಸಾಲ ತೀರದೆ ಹೆಂಡತಿ ಮಕ್ಕಳ ತಲೆಗೆ ದುಃಖದೊಡನೆ ಇಳಿಯುತ್ತದೆ. ಮನಸ್ಸು ಅಂಥ ಕತ್ತಲೆಗೆ ತಿರುಗಿದಾಗ ಏಕಾಂತದಲ್ಲಿರಬಾರದು. ಮನೆಯವರೊಡನೆಯೋ ಗುರುಗಳೊಡನೆಯೋ ಕೂಡಲೇ ಬಾಯಿಬಿಟ್ಟು ಹೇಳಬೇಕು. ಸರಕಾರದ ಮಾನಸಿಕ ಆರೋಗ್ಯದ ದೂರವಾಣಿ 14416 ಹಗಲಿರುಳೂ ಲಭ್ಯವಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮುಂಜಾನೆ ಕರಸ್ಥಲದ ಲಿಂಗದಲ್ಲಿ ಕಂತೇ ಕಂಡರೂ ಭಕ್ತನು ಪೂಜೆಯನ್ನು ಬಿಡಬಾರದು. ಚಂಚಲವಾದ ಮನಸ್ಸನ್ನೇ ಪುಷ್ಪವೆಂದು ಅರ್ಪಿಸಲಿ. ಆ ಭಯವನ್ನೂ ಅಲ್ಲಿಯೇ ಇಳಿಸಲಿ. ಪೂಜೆಯಿಂದ ಸಾಲ ತೀರುವುದಿಲ್ಲ. ಆದರೆ ಪೂಜೆಯಿಂದ ಎದ್ದವನ ಕೈ ನಡುಗದೆ ಲೆಕ್ಕ ಬರೆದೀತು, ಕಾಲು ಅಂಜದೆ ಬ್ಯಾಂಕಿನ ಮೆಟ್ಟಿಲನ್ನೇರೀತು, ನಾಲಿಗೆ ಸಂಕೋಚವಿಲ್ಲದೆ ಹೆಂಡತಿಯೆದುರು ಸತ್ಯವನ್ನು ನುಡಿದೀತು. ಸಾಲವನ್ನು ತೀರಿಸುವುದು ಆ ಕೈ, ಆ ಕಾಲು, ಆ ನಾಲಿಗೆಗಳೇ. ಅವನ್ನು ಸ್ಥಿರಗೊಳಿಸುವುದೇ ಶಿವಾನುಗ್ರಹ.

ಉದ್ಯೋಗವು ಒಡೆಯನಿಂದ ಬಂದುದು, ಒಡೆಯನಿಗೇ ಮರಳಬಹುದು. ಕಾಯಕವು ಶಿವನಿಂದ ಬಂದುದು, ಕಾಯವಿರುವನಕ ಇರತಕ್ಕುದು. ಈ ಅರಿವು ನೆಲೆಗೊಂಡ ಮನೆಯಲ್ಲಿ ಕಡುಬಡತನವು ಬಂದರೂ ಅಧೈರ್ಯವು ಕಾಲಿಡದು. ಭಕ್ತರೆಲ್ಲರಿಗೆ ಸತ್ಯಶುದ್ಧವಾದ ಕಾಯಕವೂ ಋಣಮುಕ್ತವಾದ ಬಾಳೂ ಒಬ್ಬರಿಗೊಬ್ಬರು ಆಸರೆಯಾಗುವ ಬುದ್ಧಿಯೂ ಪರಶಿವನ ಕೃಪೆಯಿಂದ ಲಭಿಸಲಿ.

ಓಂ ನಮಃ ಶಿವಾಯ.